ಹಳೆಯ ವಾಹನಕ್ಕೆ ಮಿತ ವೆಚ್ಚದ ಬಣ್ಣ: ತುಕ್ಕಿಗೆ ಮೊದಲ ಖರ್ಚು, ಹೊಳಪಿಗೆ ಕೊನೆಯದು

ಮುಂಡಾಜೆ: ಉಜಿರೆಯಿಂದ ಚಾರ್ಮಾಡಿ ಘಾಟಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಸೋಮಂತಡ್ಕ, ಮುಂಡಾಜೆ, ಕಕ್ಕಿಂಜೆಗಳನ್ನು ದಾಟುವವರಿಗೆ ಹಳೆಯ ಜೀಪು, ಓಮ್ನಿ, ಪಿಕಪ್ ವಾಹನಗಳು ಇಂದಿಗೂ ಎದುರಾಗುತ್ತವೆ. ಅಡಿಕೆ ಮತ್ತು ರಬ್ಬರ್ ತೋಟಗಳ ಏರುತಗ್ಗಿನ ಮಣ್ಣುರಸ್ತೆಗಳಲ್ಲಿ ಗೊಬ್ಬರ, ಫಸಲು, ಶಾಲಾ ಮಕ್ಕಳು, ರೋಗಿಗಳು ಎಲ್ಲರನ್ನೂ ಸಾಗಿಸುವುದು ಇವೇ. ಮಾರುತಿ 800 ಕಾರಿನ ಉತ್ಪಾದನೆ 2014ರಲ್ಲಿ, ಓಮ್ನಿಯ ಉತ್ಪಾದನೆ 2019ರಲ್ಲಿ ನಿಂತಿತು. ಆದರೂ ಎಂಜಿನ್ ಸುಸ್ಥಿತಿಯಲ್ಲಿರುವ ವಾಹನವನ್ನು ಮಾರಿ ಹೊಸದನ್ನು ಕೊಳ್ಳುವ ಶಕ್ತಿ ಎಲ್ಲ ಕುಟುಂಬಗಳಿಗೂ ಇಲ್ಲ. ಇಂಥ ವಾಹನದ ಬಣ್ಣ ಮಾಸಿ, ಬಾಗಿಲ ಅಂಚಿನಲ್ಲಿ ತುಕ್ಕು ಕಾಣಿಸಿಕೊಂಡಾಗ ಮಾಲೀಕರ ಮುಂದೆ ಬರುವ ಪ್ರಶ್ನೆ ಒಂದೇ: ಕಡಿಮೆ ಖರ್ಚಿನಲ್ಲಿ ಮತ್ತೆ ಬಣ್ಣ ಬಳಿಸುವುದು ಹೇಗೆ?

ಬಣ್ಣ ಕೇವಲ ಅಲಂಕಾರವಲ್ಲ

ಕಾರ್ಖಾನೆಯಿಂದ ಬರುವ ಕಾರಿನ ಮೇಲಿನ ಎಲ್ಲ ಪದರಗಳು ಸೇರಿದರೂ ಬಣ್ಣದ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಮಾತ್ರ. ಅಂದರೆ ಒಂದು ಮಿಲಿಮೀಟರಿನ ಏಳನೇ ಒಂದು ಭಾಗದಷ್ಟು. ತಗಡಿಗೆ ಅಂಟಿದ ಪ್ರೈಮರ್ ನೀರು ಮತ್ತು ಗಾಳಿ ಕಬ್ಬಿಣವನ್ನು ತಲುಪದಂತೆ ತಡೆಯುತ್ತದೆ. ಅದರ ಮೇಲಿನ ಪದರ ಬಣ್ಣ ನೀಡುತ್ತದೆ. ಎಲ್ಲಕ್ಕಿಂತ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಬಿಸಿಲಿನ ಹೊಡೆತವನ್ನು ತಾನು ತಾಳಿಕೊಳ್ಳುತ್ತದೆ.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುತ್ತದೆ. ಘಟ್ಟದ ತಪ್ಪಲಿನಲ್ಲಿ ತಿಂಗಳುಗಟ್ಟಲೆ ಗಾಳಿಯ ತೇವ ಆರುವುದಿಲ್ಲ. ಮಡ್‌ಗಾರ್ಡ್‌ನ ಒಳಮೈಯಲ್ಲಿ ಕೂತ ಕೆಸರು ಒದ್ದೆ ಬಟ್ಟೆಯಂತೆ ತಗಡಿಗೆ ಅಂಟಿಕೊಂಡೇ ಇರುತ್ತದೆ. ಕರಾವಳಿಯತ್ತ ನಿತ್ಯ ಓಡಾಡುವ ವಾಹನಕ್ಕೆ ಉಪ್ಪುಗಾಳಿಯೂ ಸೇರುತ್ತದೆ. ಆದ್ದರಿಂದ ಈ ಭಾಗದಲ್ಲಿ ಬಣ್ಣದ ಮೊದಲ ಕೆಲಸ ತುಕ್ಕನ್ನು ತಡೆಯುವುದು, ಅಂದವಾಗಿ ಕಾಣಿಸುವುದು ಎರಡನೆಯದು. ಮಿತವ್ಯಯದ ಲೆಕ್ಕ ಹಾಕುವಾಗ ಈ ಕ್ರಮ ತಪ್ಪಿದರೆ ಕೊಟ್ಟ ಹಣ ಒಂದೆರಡು ಮಳೆಗಾಲದಲ್ಲೇ ಕೊಚ್ಚಿಹೋಗುತ್ತದೆ.

ಪೂರ್ತಿ ಬಣ್ಣ ಬೇಕೇ? ಮೊದಲು ಪರೀಕ್ಷೆ

ವಾಹನವನ್ನು ಚೆನ್ನಾಗಿ ತೊಳೆದು, ಒಣಗಿಸಿ, ಹಗಲು ಬೆಳಕಿನಲ್ಲಿ ನೋಡುವುದು ಮೊದಲ ಹೆಜ್ಜೆ. ಸಾಮಾನ್ಯವಾಗಿ ಮೂರು ಬಗೆಯ ಹಾನಿ ಕಂಡುಬರುತ್ತದೆ.

ಮೊದಲನೆಯದು, ಬಣ್ಣ ಮಂಕಾಗಿರುವುದು. ಬೆರಳಿನಿಂದ ಉಜ್ಜಿದರೆ ಸೀಮೆಸುಣ್ಣದ ಪುಡಿಯಂತೆ ಬಣ್ಣ ಅಂಟಿದರೆ ಮೇಲ್ಪದರ ಬಿಸಿಲಿಗೆ ಸತ್ತಿದೆ ಎಂದರ್ಥ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಬಿಳಿ, ಕೆಂಪು ವಾಹನಗಳಲ್ಲಿ ಇದು ಸಾಮಾನ್ಯ. ಇಂಥ ಕಡೆ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ, ಮೇಣದ ಪಾಲಿಶ್ ಕೊಟ್ಟರೆ ಅಡಿಯಲ್ಲಿರುವ ಒಳ್ಳೆಯ ಬಣ್ಣ ಮೇಲೆ ಬರುತ್ತದೆ. ಪೂರ್ತಿ ಬಣ್ಣದ ಖರ್ಚು ಇಲ್ಲಿ ಅನಗತ್ಯ.

ಎರಡನೆಯದು, ಬಾನೆಟ್ ಹಾಗೂ ಛಾವಣಿಯ ಮೇಲೆ ಕ್ಲಿಯರ್ ಕೋಟ್ ಸಿಪ್ಪೆಯಂತೆ ಎದ್ದಿರುವುದು. ಇದನ್ನು ಪಾಲಿಶ್‌ನಿಂದ ಸರಿಪಡಿಸಲಾಗದು. ಆದರೆ ಆ ಭಾಗಗಳಿಗೆ ಮಾತ್ರ ಬಣ್ಣ ಹೊಡೆಸಿದರೆ ಸಾಕು.

ಮೂರನೆಯದು, ಬಣ್ಣದಡಿ ಗುಳ್ಳೆ. ಗುಳ್ಳೆ ಎದ್ದಿದೆಯೆಂದರೆ ತುಕ್ಕು ಹೊರಗೆ ಕಾಣುವುದಕ್ಕಿಂತ ಹೆಚ್ಚು ಅಗಲಕ್ಕೆ ಒಳಗೆ ಹಬ್ಬಿರುತ್ತದೆ. ಬಾಗಿಲಿನ ಕೆಳ ಅಂಚು, ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಮೇಲಿನ ಕಮಾನು, ಕಾಲಿಡುವ ಜಾಗದ ತಗಡು ಇವುಗಳನ್ನು ತಳದಿಂದಲೂ ನೋಡಬೇಕು. ಸ್ಕ್ರೂಡ್ರೈವರ್‌ನ ಹಿಡಿಯಿಂದ ತಟ್ಟಿದಾಗ ಗಟ್ಟಿ ತಗಡು ಖಣಖಣ ಎನ್ನುತ್ತದೆ, ಸತ್ತ ತಗಡು ಮಂದ ಶಬ್ದ ಮಾಡುತ್ತದೆ. ಹಿಂದೆ ದಪ್ಪ ಪುಟ್ಟಿ ತುಂಬಿದ ಜಾಗದಲ್ಲಿ ಅಯಸ್ಕಾಂತ ಸರಿಯಾಗಿ ಅಂಟುವುದಿಲ್ಲ. ಶಾಸಿಯೇ ತುಕ್ಕು ತಿಂದಿದ್ದರೆ ಬಣ್ಣದ ಯೋಚನೆಯನ್ನು ಬದಿಗಿಟ್ಟು, ವಾಹನ ಓಡಿಸಲು ಸುರಕ್ಷಿತವೇ ಎಂಬುದನ್ನು ಮೊದಲು ತಿಳಿಯಬೇಕು.

ಹಣ ಹೋಗುವುದೆಲ್ಲಿ?

ಬಣ್ಣದ ಕೆಲಸದಲ್ಲಿ ಸ್ಪ್ರೇ ಗನ್ ಹಿಡಿಯುವ ಸಮಯ ಅತಿ ಕಡಿಮೆ. ಭಾಗಗಳನ್ನು ಬಿಚ್ಚುವುದು, ಟಿಂಕರಿಂಗ್, ತುಕ್ಕು ಕೆರೆಯುವುದು, ಬೆಸುಗೆ, ಪ್ರೈಮರ್, ಪುಟ್ಟಿ, ಉಜ್ಜುವಿಕೆ, ಮತ್ತೆ ಪ್ರೈಮರ್, ಮತ್ತೆ ಉಜ್ಜುವಿಕೆ, ಕಾಗದ ಅಂಟಿಸುವುದು ಇವಕ್ಕೇ ಹೆಚ್ಚಿನ ದಿನಗಳು ಬೇಕು. ಅಂದರೆ ಬಿಲ್ಲಿನ ದೊಡ್ಡ ಪಾಲು ಬಣ್ಣದ ಡಬ್ಬಿಗಿಂತ ಕೂಲಿಗೆ ಸಲ್ಲುತ್ತದೆ. ತೀರಾ ಅಗ್ಗದ ದರ ಹೇಳಿದವರು ಈ ಹಂತಗಳಲ್ಲಿ ಯಾವುದನ್ನೋ ಬಿಡುತ್ತಾರೆ. ಬಿಟ್ಟಿದ್ದು ಏನೆಂಬುದು ಬಣ್ಣ ಹೊಳೆಯುವಾಗ ಗೊತ್ತಾಗುವುದಿಲ್ಲ, ಮಳೆಗಾಲದಲ್ಲಿ ಗೊತ್ತಾಗುತ್ತದೆ.

ಉಳಿತಾಯಕ್ಕೆ ನ್ಯಾಯವಾದ ದಾರಿಗಳಿವೆ. ಮೂಲ ಬಣ್ಣವನ್ನೇ ಉಳಿಸಿಕೊಂಡರೆ ಬಾಗಿಲಿನ ಒಳ ಅಂಚು, ಎಂಜಿನ್ ಕೋಣೆ, ಡಿಕ್ಕಿಯ ಒಳಭಾಗಗಳಿಗೆ ಬಣ್ಣ ಹೊಡೆಯುವ ಕೆಲಸ ತಪ್ಪುತ್ತದೆ. ಮೆಟಾಲಿಕ್‌ಗಿಂತ ಸಾದಾ ಬಣ್ಣ ಅಗ್ಗ; ಮುಂದೆ ಒಂದು ಭಾಗಕ್ಕೆ ಗೀರು ಬಿದ್ದಾಗ ಹೊಂದಿಸುವುದೂ ಸುಲಭ. ಬಂಪರ್, ದೀಪ, ಕನ್ನಡಿ, ರಬ್ಬರ್ ಪಟ್ಟಿಗಳನ್ನು ಮಾಲೀಕರೇ ಜಾಗ್ರತೆಯಿಂದ ಬಿಚ್ಚಿಕೊಟ್ಟರೆ ಕೂಲಿಯೂ ಉಳಿಯುತ್ತದೆ, ಅಂಚುಗಳಲ್ಲಿ ಬಣ್ಣ ಸೀಳುವುದೂ ತಪ್ಪುತ್ತದೆ. ಈ ವರ್ಷ ಛಾವಣಿ ಮತ್ತು ಬಾನೆಟ್, ಮುಂದಿನ ವರ್ಷ ಬದಿಗಳು ಎಂದು ಕೆಲಸವನ್ನು ಹಂಚಿಕೊಳ್ಳಬಹುದು. ಆದರೆ ತುಕ್ಕು ಹಿಡಿದ ಭಾಗ ಯಾವುದೇ ಇರಲಿ, ಅದಕ್ಕೆ ಮೊದಲ ಸರದಿ.

ಉಳಿಸಬಾರದ ಕಡೆಗಳೂ ಇವೆ. ತುಕ್ಕನ್ನು ಬರಿ ತಗಡು ಕಾಣುವವರೆಗೆ ತೆಗೆಯಬೇಕು. ತೂತು ಬಿದ್ದಿದ್ದರೆ ಕತ್ತರಿಸಿ ಹೊಸ ತಗಡು ಬೆಸೆಯಬೇಕೇ ಹೊರತು ಪುಟ್ಟಿ ತುಂಬಬಾರದು. ಪುಟ್ಟಿ ನೀರನ್ನು ಹೀರಿಕೊಳ್ಳುವ ವಸ್ತು. ಕೆಲವೇ ಮಿಲಿಮೀಟರ್ ತಗ್ಗನ್ನು ಸಮಗೊಳಿಸುವುದಷ್ಟೇ ಅದರ ಕೆಲಸ. ಬರಿ ತಗಡಿಗೆ ಎಪಾಕ್ಸಿ ಪ್ರೈಮರ್ ಹಾಕಿಸುವುದು ಲೇಸು. ಪ್ರೈಮರ್ ಬಳಿದ ವಾಹನವನ್ನು ದಿನಗಟ್ಟಲೆ ಮಳೆಗೆ ನಿಲ್ಲಿಸಬಾರದು, ಏಕೆಂದರೆ ಮೇಲ್ಪದರವಿಲ್ಲದ ಸಾಮಾನ್ಯ ಪ್ರೈಮರ್ ತೇವವನ್ನು ಒಳಗೆ ಬಿಡುತ್ತದೆ.

ಯಾವ ಬಣ್ಣ?

ಸಣ್ಣ ಗ್ಯಾರೇಜುಗಳಲ್ಲಿ ಮೂರು ಬಗೆಯ ಬಣ್ಣಗಳ ಹೆಸರು ಕೇಳಿಬರುತ್ತದೆ. ಎನಾಮಲ್ ಅಗ್ಗ, ಆದರೆ ಒಣಗಲು ನಿಧಾನ. ಹೊಳಪು ಬೇಗ ಕುಂದುತ್ತದೆ. ಜೀಪಿನ ತಳಭಾಗ, ಪಿಕಪ್‌ನ ಸಾಮಾನು ಪೆಟ್ಟಿಗೆ ಮುಂತಾದವಕ್ಕೆ ಇದು ಸಾಕು. ಎನ್‌ಸಿ ಎಂದು ಕರೆಯುವ ನೈಟ್ರೋಸೆಲ್ಯುಲೋಸ್ ಬಣ್ಣ ನಿಮಿಷಗಳಲ್ಲಿ ಒಣಗುತ್ತದೆ, ಆದರೆ ಆಗಾಗ ಪಾಲಿಶ್ ಬೇಡುತ್ತದೆ. ಪೆಟ್ರೋಲ್ ಬಿದ್ದರೆ ಕಲೆಯಾಗುತ್ತದೆ. ಅಮೆರಿಕದ ಡ್ಯುಪಾಂಟ್ ಕಂಪನಿ 1920ರ ದಶಕದಲ್ಲಿ ಈ ಜಾತಿಯ ಬಣ್ಣವನ್ನು ‘ಡ್ಯೂಕೊ’ ಹೆಸರಿನಲ್ಲಿ ಕಾರುಗಳಿಗೆ ತಂದಿತು. ಅದಕ್ಕೆ ಮೊದಲು ಒಂದು ಕಾರಿನ ಬಣ್ಣ ಒಣಗಲು ವಾರಗಳೇ ಹಿಡಿಯುತ್ತಿದ್ದವು. ಆ ಹೆಸರು ನಮ್ಮ ಪೇಂಟರ್‌ಗಳ ಮಾತಿನಲ್ಲಿ ಇನ್ನೂ ಉಳಿದಿದೆ.

ಮೂರನೆಯದು ಪಿಯು, ಅಂದರೆ ಪಾಲಿಯುರಿಥೇನ್. ಬಣ್ಣ ಮತ್ತು ಹಾರ್ಡ್‌ನರ್ ಎಂಬ ಎರಡು ದ್ರವಗಳನ್ನು ಬೆರೆಸಿದಾಗ ರಾಸಾಯನಿಕ ಕ್ರಿಯೆಯಿಂದ ಇದು ಗಟ್ಟಿಯಾಗುತ್ತದೆ. ಬೆಲೆ ಹೆಚ್ಚಾದರೂ ಮಳೆ, ಬಿಸಿಲು, ಇಂಧನಗಳನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಬಾಳಿಕೆಯ ಲೆಕ್ಕದಲ್ಲಿ ಸಾದಾ ಬಣ್ಣದ ಪಿಯು ನಮ್ಮ ಹವೆಗೆ ಅಗ್ಗವೇ. ಹಾರ್ಡ್‌ನರ್ ಹಾಗೂ ಥಿನ್ನರ್‌ಗಳನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು. ಅಂದಾಜಿನಲ್ಲಿ ಸುರಿದರೆ ಬಣ್ಣ ಮೆತ್ತಗಾಗಿ ಉಳಿಯುತ್ತದೆ ಇಲ್ಲವೇ ಬಿರಿಯುತ್ತದೆ. ವಾಹನದ ಮೇಲಿನ ಫಲಕದಲ್ಲಿ ಬಣ್ಣದ ಸಂಕೇತ ಇರುತ್ತದೆ. ಅದನ್ನು ತಿಳಿಸಿದರೆ ಮಂಗಳೂರಿನಂಥ ಪೇಟೆಯ ಬಣ್ಣದ ಅಂಗಡಿಗಳಲ್ಲಿ ಕಂಪ್ಯೂಟರ್ ನೆರವಿನಿಂದ ಬೆರೆಸಿಕೊಡುತ್ತಾರೆ. ಬಿಸಿಲಿಗೆ ಮಾಸಿದ ವಾಹನಕ್ಕೆ ಮೂಲ ಸಂಕೇತದ ಬಣ್ಣ ಹೊಂದದಿರಬಹುದು. ಆದ್ದರಿಂದ ಸಣ್ಣ ತಗಡಿನ ಮೇಲೆ ಹೊಡೆದು ಒಣಗಿಸಿ ಹೋಲಿಸುವುದು ಕ್ಷೇಮ.

ಕಾಲ ನೋಡಿ ಕೆಲಸ

ಬಣ್ಣಕ್ಕೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ಹವೆ ಪ್ರಶಸ್ತ. ಮಳೆಗಾಲದಲ್ಲಿ ಎನ್‌ಸಿ ಬಣ್ಣದ ಥಿನ್ನರ್ ವೇಗವಾಗಿ ಆವಿಯಾದಂತೆ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂತು ಹಾಲಿನಂಥ ಬಿಳಿ ಮಬ್ಬು ಮೂಡುತ್ತದೆ. ಪಿಯು ಹಾರ್ಡ್‌ನರ್ ಕೂಡ ತೇವದೊಂದಿಗೆ ಬೆರೆತು ಸಣ್ಣ ಗುಳ್ಳೆಗಳನ್ನು ಮೂಡಿಸುತ್ತದೆ. ಒಲೆ ಅಳವಡಿಸಿದ ಮುಚ್ಚಿದ ಕೋಣೆಯಿರುವ ಕಾರ್ಯಾಗಾರಗಳಿಗೆ ಈ ತೊಂದರೆ ಕಡಿಮೆ, ಆದರೆ ಅಲ್ಲಿನ ದರ ಹೆಚ್ಚು. ತೆರೆದ ಶೆಡ್ಡಿನಲ್ಲಿ ಕೆಲಸ ಮಾಡಿಸುವವರು ಋತು ನೋಡುವುದೇ ದೊಡ್ಡ ಉಳಿತಾಯ.

ಕಾನೂನು ಏನೆನ್ನುತ್ತದೆ?

ನೋಂದಣಿ ಪತ್ರ, ಅಂದರೆ ಆರ್‌ಸಿಯಲ್ಲಿ ವಾಹನದ ಬಣ್ಣವೂ ದಾಖಲಾಗಿರುತ್ತದೆ. ಅದೇ ಬಣ್ಣವನ್ನು ಮತ್ತೆ ಬಳಿಸಿದರೆ ದಾಖಲೆ ಬದಲಾಗುವುದಿಲ್ಲ. ಬೇರೆ ಬಣ್ಣ ಬೇಕಿದ್ದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಗಮನಿಸಿ, ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಆರ್‌ಸಿ ತಿದ್ದಿಸಿಕೊಂಡು ವಿಮಾ ಕಂಪನಿಗೂ ತಿಳಿಸಬೇಕು. ಜೀಪು ಪ್ರಿಯರು ಮರೆಯಬಾರದ ಇನ್ನೊಂದು ನಿಯಮವಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಸೇನೆಯ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ತಪಾಸಣೆಯ ಬಳಿಕ ಐದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂ.ಗಳಿಂದ 5,000 ರೂ.ಗಳಿಗೆ ಏರಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ರೂ.ಗೆ ಹೆಚ್ಚಿಸಲಾಯಿತು. ಆದ್ದರಿಂದ ಹಣ ಹೊಂದಿಸುವಾಗ ಬಣ್ಣದ ಜತೆಗೇ ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ನವೀಕರಣದ ವರ್ಷ ಹತ್ತಿರವಿದ್ದರೆ ಬ್ರೇಕು, ದೀಪ, ಹೊಗೆ, ತಳದ ತಗಡು ಸರಿಪಡಿಸಿದ ನಂತರವೇ ಬಣ್ಣದ ಮಾತು.

ಬಣ್ಣ ಮಾಸಿದ್ದಕ್ಕೆ, ತುಕ್ಕು ಹಿಡಿದಿದ್ದಕ್ಕೆ ವಿಮೆ ಸಿಗುವುದಿಲ್ಲ. ಅದು ಸವಕಳಿ ಎಂದೇ ಪರಿಗಣನೆ. ಅಪಘಾತವಾದಾಗ ಹಾನಿಯಾದ ಭಾಗದ ಬಣ್ಣಕ್ಕೆ ಸಮಗ್ರ ಪಾಲಿಸಿಯಲ್ಲಿ ಪರಿಹಾರ ಉಂಟಾದರೂ ಬಣ್ಣದ ಸಾಮಗ್ರಿಯ ವೆಚ್ಚದಲ್ಲಿ ಸಾಮಾನ್ಯವಾಗಿ ಶೇ. 50ರಷ್ಟನ್ನು ಸವಕಳಿಯೆಂದು ಕಳೆಯಲಾಗುತ್ತದೆ.

ಬಳಿಯುವವರ ಉಸಿರು

ಅಗ್ಗದ ಕೆಲಸದ ಬೆಲೆಯನ್ನು ಕೆಲವೊಮ್ಮೆ ಪೇಂಟರ್ ತನ್ನ ಶ್ವಾಸಕೋಶದಿಂದ ತೆರುತ್ತಾನೆ. ಪಿಯು ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ಅಸ್ತಮಾ ತರಬಲ್ಲದು. ಒಮ್ಮೆ ಅದಕ್ಕೆ ದೇಹ ಒಗ್ಗದಂತಾದರೆ ಮುಂದೆ ತೀರಾ ಅಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಮುಖಕ್ಕೆ ಕಟ್ಟಿದ ಕರವಸ್ತ್ರ ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಒದಗಿಸುವ ಮುಖವಾಡವೇ ಇದಕ್ಕೆ ಸರಿಯಾದ ರಕ್ಷಣೆ.

ಹಳೆಯ ಬಣ್ಣದಲ್ಲಿ ಸೀಸವೂ ಇರಬಹುದು. ಸೀಸದ ಪ್ರಮಾಣವನ್ನು 90 ಪಿಪಿಎಂಗೆ ಮಿತಿಗೊಳಿಸಿದ 2016ರ ನಿಯಮಗಳು ಮನೆಬಳಕೆ ಹಾಗೂ ಅಲಂಕಾರಿಕ ಬಣ್ಣಗಳಿಗಷ್ಟೇ ಸಂಬಂಧಿಸಿವೆ. ಆದ್ದರಿಂದ ಒಣ ಧೂಳು ಏಳದಂತೆ ವಾಟರ್ ಪೇಪರ್‌ನಿಂದ ನೀರು ಹಾಕಿ ಉಜ್ಜುವುದು ಉತ್ತಮ. ಆ ನೀರು, ಉಳಿದ ಥಿನ್ನರ್ ಬಾವಿ ಇಲ್ಲವೇ ತೋಡು ಸೇರದಂತೆ ನೋಡಿಕೊಳ್ಳಬೇಕು. ಮನೆಯಂಗಳದಲ್ಲೇ ಪಿಯು ಹೊಡೆಯುವ ಸಾಹಸ ಬೇಡ, ಮಕ್ಕಳಿರುವಲ್ಲಿ ಮೊದಲೇ ಬೇಡ.

ಮಾತು ಬಾಯಲ್ಲಿ ಬೇಡ, ಕಾಗದದಲ್ಲಿರಲಿ

ಎರಡು ಮೂರು ಕಡೆ ವಿಚಾರಿಸಿ, ಆಯಾ ಪೇಂಟರ್ ಒಂದೆರಡು ವರ್ಷಗಳ ಹಿಂದೆ ಬಣ್ಣ ಹೊಡೆದ ವಾಹನವನ್ನು ನೋಡಿ ಬರುವುದು ಜಾಣತನ. ನಿನ್ನೆ ಹೊಡೆದ ಬಣ್ಣ ಎಲ್ಲರದೂ ಹೊಳೆಯುತ್ತದೆ. ಯಾವ ಭಾಗಗಳು, ಯಾವ ಬಗೆಯ ಬಣ್ಣ, ಯಾವ ಪ್ರೈಮರ್, ಎಷ್ಟು ಕೋಟು, ಬೆಸುಗೆ ಸೇರಿದೆಯೇ, ಎಷ್ಟು ದಿನ ಎಂಬುದನ್ನು ಬರೆಸಿಕೊಳ್ಳಬೇಕು. ಹಣವನ್ನು ಹಂತ ಹಂತವಾಗಿ ಕೊಡಬೇಕು. ಪುಟ್ಟಿ ಹಾಕುವ ಮೊದಲು ತುಕ್ಕು ತೆಗೆದ ಬರಿ ತಗಡನ್ನು ಕಣ್ಣಾರೆ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಬೇಕು. ಇಡೀ ಕೆಲಸದಲ್ಲಿ ಮಾಲೀಕರು ಹಾಜರಿರಲೇಬೇಕಾದ ದಿನ ಅದೊಂದೇ.

ಬಿಲ್ ಪಡೆಯುವುದನ್ನು ಬಿಡಬಾರದು. ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ನೀಡಬಹುದು. 5 ಲಕ್ಷ ರೂ.ವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ.

ಬಣ್ಣವಾದ ಮೇಲೆ ಕೆಲವು ವಾರ ಮೇಣ ಹಚ್ಚದೆ, ಗಟ್ಟಿಯಾಗಿ ಉಜ್ಜದೆ ಬಿಡಬೇಕು. ಹಕ್ಕಿ ಹಿಕ್ಕೆ, ಮರದ ಅಂಟು ಬಿದ್ದರೆ ಕೂಡಲೇ ತೊಳೆಯಬೇಕು. ಒದ್ದೆ ವಾಹನಕ್ಕೆ ಟಾರ್ಪಾಲು ಹೊದಿಸುವುದಕ್ಕಿಂತ ಗಾಳಿಯಾಡುವ ಮಾಡಿನಡಿ ನಿಲ್ಲಿಸುವುದು ಮೇಲು. ಬಾಗಿಲಿನ ತಳದಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳು ಕಸದಿಂದ ಕಟ್ಟದಂತೆ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಚಕ್ರದ ಕಮಾನಿನ ಕೆಸರನ್ನು ನೀರು ಹಾಯಿಸಿ ತೆಗೆದರೆ, ಖರ್ಚಿಲ್ಲದ ಆ ಕೆಲಸವೇ ಬಣ್ಣದ ಆಯುಸ್ಸನ್ನು ಹೆಚ್ಚಿಸುತ್ತದೆ.