ವಿಹಾರ ದೋಣಿಯ ಬ್ಯಾಟರಿ: ಹಳೆಯ ಮದ್ದು, ಹೊಸ ಅಪಾಯ

2019ರ ಸೆಪ್ಟೆಂಬರ್ 2ರ ನಸುಕು. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಾಚೆ, ಸಾಂಟಾ ಕ್ರೂಜ್ ದ್ವೀಪದ ಬಳಿ ಲಂಗರು ಹಾಕಿದ್ದ ‘ಕನ್ಸೆಪ್ಷನ್’ ಎಂಬ ವಿಹಾರ ದೋಣಿಗೆ ಬೆಂಕಿ ಹತ್ತಿತು. ಸಾಗರದಾಳದ ಈಜಿಗೆಂದು ಬಂದಿದ್ದ 33 ಪ್ರವಾಸಿಗರು ಹಾಗೂ ಒಬ್ಬ ಸಿಬ್ಬಂದಿ, ಒಟ್ಟು 34 ಮಂದಿ, ಕೆಳ ಅಂತಸ್ತಿನ ಮಲಗುವ ಕೋಣೆಯಿಂದ ಹೊರಬರಲಾಗದೆ ಸತ್ತರು. ಮೇಲಿದ್ದ ಐವರು ಸಿಬ್ಬಂದಿ ಮಾತ್ರ ನೀರಿಗೆ ಹಾರಿ ಬದುಕಿದರು.

ಮಲಗುವ ಕೋಣೆಯ ಮೇಲಿನ ಹಜಾರದಲ್ಲಿ ಪ್ರವಾಸಿಗರ ಮೊಬೈಲ್, ಕ್ಯಾಮೆರಾ, ಟಾರ್ಚುಗಳು ಚಾರ್ಜ್ ಆಗುತ್ತಿದ್ದವು. ಬೆಂಕಿ ಹುಟ್ಟಿದ್ದು ಆ ಹಜಾರದ ಹಿಂಭಾಗದಲ್ಲೇ ಇರಬಹುದೆಂದು ತನಿಖೆ ಹೇಳಿತು. ದೋಣಿ ಸುಟ್ಟು ಮುಳುಗಿದ್ದರಿಂದ ನಿಖರ ಕಾರಣ ಪತ್ತೆಯಾಗಲಿಲ್ಲ. ಆದರೆ ಸಂಶಯದ ಬೆರಳು ತೋರಿದವುಗಳಲ್ಲಿ ಲಿಥಿಯಂ ಬ್ಯಾಟರಿಯೂ ಒಂದು. ವಿಹಾರಕ್ಕೂ ವಿದ್ಯುತ್ತಿಗೂ ಇರುವ ಈ ನಂಟು ಎಷ್ಟು ಹಳೆಯದು?

ರಷ್ಯಾದ ನೆವಾ ನದಿಯಲ್ಲಿ 1838ರಲ್ಲಿ ವಿಜ್ಞಾನಿ ಮೋರಿಟ್ಜ್ ಯಾಕೋಬಿ ವಿದ್ಯುತ್ ಮೋಟಾರಿನಿಂದ ದೋಣಿ ಓಡಿಸಿದ. ಮರುವರ್ಷ ಆತ ಬಳಸಿದ ಗ್ರೋವ್ ಕೋಶಗಳು ಶಕ್ತಿಶಾಲಿಯಾಗಿದ್ದವು, ಆದರೆ ಅವು ಕಂದುಬಣ್ಣದ ವಿಷಾನಿಲ ಉಗುಳುವಂಥವು. ಪ್ಯಾರಿಸ್‌ನ ಸೆನ್ ನದಿಯಲ್ಲಿ 1881ರಲ್ಲಿ ಗುಸ್ತಾವ್ ಟ್ರೂವೆ ಪುಟ್ಟ ವಿದ್ಯುತ್ ದೋಣಿ ನಡೆಸಿದ. ಮರುವರ್ಷ ಲಂಡನ್ನಿನ ಥೇಮ್ಸ್‌ನಲ್ಲಿ ‘ಎಲೆಕ್ಟ್ರಿಸಿಟಿ’ ಎಂಬ ದೋಣಿ 45 ಸಂಚಯಕಗಳ ಬಲದಿಂದ ಓಡಿತು. 1893ರ ಷಿಕಾಗೋ ವಿಶ್ವ ವಸ್ತುಪ್ರದರ್ಶನದ ಕೊಳಗಳಲ್ಲಿ ಐವತ್ತಕ್ಕೂ ಹೆಚ್ಚು ಬ್ಯಾಟರಿ ದೋಣಿಗಳು ಪ್ರೇಕ್ಷಕರನ್ನು ಹೊತ್ತು ತಿರುಗಿದವು. ಹೊಗೆಯಿಲ್ಲ, ಸದ್ದಿಲ್ಲ, ಜನ ಮಾರುಹೋದದ್ದು ಸಹಜ.

ಸಂಚಯಕ ಎಂದರೆ ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಸೀಸ-ಗಂಧಕಾಮ್ಲದ ಬ್ಯಾಟರಿ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಇದನ್ನು ರೂಪಿಸಿದ್ದು 1859ರಲ್ಲಿ. ನಮ್ಮ ಮನೆಗಳಲ್ಲಿ ಯುಪಿಎಸ್ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕುತ್ತೇವಲ್ಲ, ಆ ನೀರು ಎಲ್ಲಿ ಹೋಗುತ್ತದೆ? ಚಾರ್ಜ್ ತುಂಬುತ್ತ ಬಂದಂತೆ ಅದು ಒಡೆದು ಜಲಜನಕ, ಆಮ್ಲಜನಕಗಳಾಗುತ್ತದೆ. ಗಾಳಿಯಲ್ಲಿ ಜಲಜನಕ ಶೇ 4ರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಸಮುದ್ರದ ಉಪ್ಪುನೀರು ಬ್ಯಾಟರಿಯೊಳಗೆ ನುಗ್ಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮನೆಯಲ್ಲಾದರೆ ಕಿಟಕಿ ತೆರೆಯಬಹುದು. ದೋಣಿಯ ಮುಚ್ಚಿದ ಗೂಡಿನಲ್ಲಿ ಅನಿಲ ಅಲ್ಲೇ ಕೂಡಿಹಾಕಿಕೊಳ್ಳುತ್ತದೆ.

ಪೆಟ್ರೋಲ್ ಎಂಜಿನ್ ಇರುವ ದೋಣಿಯ ಪಾಡು ಇನ್ನೂ ವಿಚಿತ್ರ. ಪೆಟ್ರೋಲ್ ಆವಿ ಭಾರ, ಅದು ತಳದಲ್ಲಿ ನಿಲ್ಲುತ್ತದೆ. ಜಲಜನಕ ಹಗುರ, ಅದು ಮೇಲಕ್ಕೇರುತ್ತದೆ. ಹೀಗಾಗಿ ಮೇಲೂ ಕೆಳಗೂ ಗಾಳಿಗೆ ದಾರಿ ಬಿಡಬೇಕು. ಅಮೆರಿಕ 1940ರಲ್ಲಿ ಮೋಟಾರು ದೋಣಿ ಕಾನೂನು ತಂದು ತಳದ ಗಾಳಿಯಾಟವನ್ನು ಕಡ್ಡಾಯ ಮಾಡಿತು. 1954ರಲ್ಲಿ ಹುಟ್ಟಿದ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್ ಬ್ಯಾಟರಿಗೂ ಅಳತೆಗೋಲು ಹಾಕಿತು. ಅಲೆ ಎಷ್ಟೇ ಕುಲುಕಿದರೂ ಬ್ಯಾಟರಿ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಫ್ಯೂಸ್ ಬ್ಯಾಟರಿಯಿಂದ ಸಾಮಾನ್ಯವಾಗಿ 7 ಅಂಗುಲದೊಳಗಿರಬೇಕು.

ಜಪಾನಿನ ಸೋನಿ ಕಂಪೆನಿ 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಾಗ ಆಟದ ನಿಯಮವೇ ಬದಲಾಯಿತು. ಇದು ಹಗುರ, ನೀರು ಹಾಕುವ ಗೋಜಿಲ್ಲ, ಸಾಮಾನ್ಯ ಚಾರ್ಜಿನಲ್ಲಿ ಜಲಜನಕವೂ ಹೊಮ್ಮದು. ಆದರೆ ಒಂದು ಕೋಶ ಹದ ತಪ್ಪಿ ಕಾದರೆ ಅದರ ಬಿಸಿ ಪಕ್ಕದ ಕೋಶಕ್ಕೆ ಹಬ್ಬುತ್ತದೆ. ಹೊರಬರುವ ಅನಿಲ ವಿಷವೂ ಹೌದು, ಸ್ಫೋಟಕವೂ ಹೌದು. ಆರಿದಂತೆ ಕಂಡ ಬೆಂಕಿ ಮತ್ತೆ ಏಳಬಹುದು.

ಹಳೆಯ ಮದ್ದು ಹೊಸ ರೋಗಕ್ಕೆ ನಾಟದು ಎಂಬುದಕ್ಕೆ ನಾರ್ವೆಯ ‘ಬ್ರಿಮ್’ ಉದಾಹರಣೆ. 2021ರ ಮಾರ್ಚ್‌ನಲ್ಲಿ ಈ ಪ್ರವಾಸಿ ದೋಣಿಯ ಬ್ಯಾಟರಿ ಕೋಣೆಗೆ ಬೆಂಕಿ ಬಿತ್ತು. ಒಳಗಿದ್ದ ನಾಲ್ವರು ಸಿಬ್ಬಂದಿ ಪಾರಾದರು. ಗಾಳಿಯಾಟದ ವ್ಯವಸ್ಥೆಯ ಮೂಲಕವೇ ಸಮುದ್ರದ ನೀರು ಒಳನುಗ್ಗಿ ಶಾರ್ಟ್ ಸರ್ಕಿಟ್ ಆಗಿರುವ ಸಾಧ್ಯತೆ ಹೆಚ್ಚು ಎಂದು ತನಿಖೆ ಹೇಳಿತು. ಒಂದು ಕಾಲಕ್ಕೆ ಜೀವ ಕಾಯುತ್ತಿದ್ದ ಕಿಂಡಿಯೇ ಇಲ್ಲಿ ಕಂಟಕವಾಯಿತು.

ಲಿಥಿಯಂ ಬ್ಯಾಟರಿಗೆಂದೇ ಅಮೆರಿಕದ ಕೌನ್ಸಿಲ್ ಪ್ರತ್ಯೇಕ ಮಾನದಂಡ ತಂದದ್ದು 2022ರಲ್ಲಿ. ಬ್ಯಾಟರಿಯ ನಿಯಂತ್ರಣ ವ್ಯವಸ್ಥೆ ತಾನಾಗಿ ವಿದ್ಯುತ್ ಕಡಿಯುವ ಮುನ್ನ ಚಾಲಕನಿಗೆ ಎಚ್ಚರಿಕೆ ಕೊಡಬೇಕೆಂದು ಅದು ಹೇಳುತ್ತದೆ. ನಡುರಾತ್ರಿ ನಡುನೀರಿನಲ್ಲಿ ದೀಪವೂ ಎಂಜಿನ್ನೂ ಒಮ್ಮೆಲೇ ಸತ್ತರೆ ಅದೂ ಅಪಾಯವೇ ತಾನೆ?

ಆದರೆ ದೋಣಿಗೆ ಬಿಗಿದ ಬ್ಯಾಟರಿಯ ನಿಯಮಗಳು ಪ್ರವಾಸಿಯ ಜೇಬಿನ ಬ್ಯಾಟರಿಯನ್ನು ಮುಟ್ಟುವುದಿಲ್ಲ. ‘ಕನ್ಸೆಪ್ಷನ್’ ದುರಂತದಲ್ಲಿ ತನಿಖೆ ಮುಖ್ಯವಾಗಿ ದೂರಿದ್ದು ಬೇರೊಂದನ್ನು: ಆ ರಾತ್ರಿ ಗಸ್ತು ತಿರುಗಿ ನೋಡುವವರು ಒಬ್ಬರೂ ಇರಲಿಲ್ಲ. ಕೆಳಗಿನ ತುರ್ತು ದಾರಿಯೂ ಬೆಂಕಿ ಬಿದ್ದ ಅದೇ ಹಜಾರಕ್ಕೆ ತೆರೆಯುತ್ತಿತ್ತು. ಕ್ಯಾಪ್ಟನ್ 2023ರಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾಗಿ, 2024ರಲ್ಲಿ ನಾಲ್ಕು ವರ್ಷದ ಸಜೆ ಆಯಿತು.

ಯಾಕೋಬಿಯ ಕಾಲದಿಂದ ಇಂದಿನವರೆಗೆ ಪ್ರತಿ ಹೊಸ ಬ್ಯಾಟರಿಯೂ ಹಳೆಯ ಅಪಾಯವೊಂದನ್ನು ಕಳೆದು, ಇನ್ನೊಂದನ್ನು ತಂದಿದೆ. ನಿಯಮಗಳು ಅದರ ಹಿಂದೆ ಏದುಸಿರು ಬಿಡುತ್ತ ಓಡಿವೆ. ನೆಲದ ಮೇಲೆ ಮನೆಗೆ ಬೆಂಕಿ ಬಿದ್ದರೆ ಬೀದಿಗೆ ಓಡಬಹುದು. ದೋಣಿಗೆ ಬೀದಿಯಿಲ್ಲ. ಚಾರ್ಜ್ ಆಗುತ್ತಿರುವ ಬ್ಯಾಟರಿಯ ಬಳಿ ಎಚ್ಚರವಾಗಿರುವ ಎರಡು ಕಣ್ಣುಗಳಿಗೆ ಬದಲಿಯಾಗಿ ಯಾವ ಯಂತ್ರವೂ ಇನ್ನೂ ಬಂದಿಲ್ಲ.