ಚೋಳರಾಜ್ಯ ಪ್ರತಿಷ್ಠಾಚಾರ್ಯ: ಒಂದು ಬಿರುದಿನ ಧರ್ಮಾಧರ್ಮ ವಿಚಾರ

ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತೀ ನದಿಯ ದಡದಲ್ಲಿರುವ ಹೇಮಗಿರಿಯ ಸುತ್ತಣ ನಾಡು ಹೊಯ್ಸಳರ ಇತಿಹಾಸವನ್ನು ಅಭ್ಯಸಿಸುವವರಿಗೆ ಚಿರಪರಿಚಿತವಾದುದು. ಹೊಸಹೊಳಲಿನ ಬಸದಿ ಹಾಗೂ ಲಕ್ಷ್ಮೀನಾರಾಯಣ ದೇವಾಲಯ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ, ನಾಗಮಂಗಲದ ಕಡೆಯ ಕಂಬದಹಳ್ಳಿಯ ಪಂಚಕೂಟ ಬಸದಿ, ಅಲ್ಲಿಂದ ತೆಂಕಣಕ್ಕೆ ಬಸರಾಳಿನ ಮಲ್ಲಿಕಾರ್ಜುನ, ಇವೆಲ್ಲ ಒಂದೆರಡು ದಿನಗಳ ಕಾಲ್ನಡೆಯ ಅಂತರದಲ್ಲಿವೆ. ಈ ಪ್ರದೇಶವನ್ನೊಳಗೊಂಡ ಗಂಗವಾಡಿಯು ಕ್ರಿ.ಶ. 1004ರ ಸುಮಾರಿನಿಂದ ಒಂದು ಶತಮಾನಕ್ಕೂ ಮೀರಿ ಚೋಳರ ಅಧೀನದಲ್ಲಿದ್ದಿತು. ವಿಷ್ಣುವರ್ಧನನ ದಂಡನಾಯಕನೂ ಪರಮಜೈನನೂ ಆದ ಗಂಗರಾಜನು 1116-17ರ ಸುಮಾರಿನಲ್ಲಿ ತಲಕಾಡಿನಲ್ಲಿದ್ದ ಚೋಳಸಾಮಂತ ಅದಿಯಮನನ್ನು ಓಡಿಸಿ ಇದನ್ನು ಮರಳಿ ಪಡೆದನು. ಗಂಗವಾಡಿಯ ಬಸದಿಗಳನ್ನೆಲ್ಲ ಆತನು ಜೀರ್ಣೋದ್ಧಾರ ಮಾಡಿಸಿದನೆಂದು ಶ್ರವಣಬೆಳಗೊಳದ ಶಾಸನಗಳು ಹೊಗಳುತ್ತವೆ. ಚೋಳನನ್ನು ಕುರಿತು ಜೈನರಲ್ಲಿ ಉಳಿದ ನೆನಪು ಎಂತಹುದೆಂಬುದನ್ನು ಗಾವರವಾಡದ 1071-72ರ ಶಾಸನದಿಂದ ತಿಳಿಯಬಹುದು. ಬೆಳ್ವೊಲದ ಜಿನಾಲಯಗಳನ್ನು ಸುಟ್ಟ ಚೋಳನು ಆ ಪಾಪದ ಫಲವಾಗಿಯೇ ರಣದಲ್ಲಿ ತಲೆಯನ್ನು ತೆತ್ತನೆಂದು ಅದು ಹೇಳುತ್ತದೆ.

ಹೀಗಿರಲು, ಗಂಗರಾಜನ ಒಡೆಯನ ಮರಿಮಗನಾದ ಇಮ್ಮಡಿ ನರಸಿಂಹನು ‘ಚೋಳರಾಜ್ಯ ಪ್ರತಿಷ್ಠಾಚಾರ್ಯ’ನೆಂಬ ಬಿರುದನ್ನು ಹೆಮ್ಮೆಯಿಂದ ಧರಿಸಿದನು. ಚೋಳನನ್ನು ಓಡಿಸಿದ ವಂಶವೇ ಚೋಳನನ್ನು ಕಾಯಲು ಹೊರಟಿತು. ಇದು ಯುಕ್ತವೇ, ಅಯುಕ್ತವೇ? ಇತಿಹಾಸಕಾರರು ಇದನ್ನು ಕೇವಲ ರಾಜನೀತಿಯ ಪ್ರಶ್ನೆಯಾಗಿ ಕಂಡಿರುವರು. ಆದರೆ ದಂಡನಾಯಕರನ್ನೂ ಮಂತ್ರಿಗಳನ್ನೂ ಆ ರಾಜ್ಯಕ್ಕೆ ಒದಗಿಸಿದ ಜೈನ ಸಮಾಜಕ್ಕೆ ಇದು ಶ್ರಾವಕಧರ್ಮದ ಪ್ರಶ್ನೆಯೂ ಆಗಿದ್ದಿತೆಂಬುದನ್ನು ಮರೆಯಲಾಗದು. ಆ ದೃಷ್ಟಿಯಿಂದ ಈ ಬಿರುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಸಂಗತಿಯನ್ನು ಸಂಗ್ರಹವಾಗಿ ನೋಡೋಣ. ಮಾರವರ್ಮ ಸುಂದರಪಾಂಡ್ಯನು 1216ರಲ್ಲಿ ಪಟ್ಟವೇರಿದ ಬಳಿಕ ಚೋಳದೇಶದ ಮೇಲೆ ಬಿದ್ದು, ತಂಜಾವೂರು ಉರೈಯೂರುಗಳನ್ನು ಸುಟ್ಟು, ಮೂರನೆಯ ಕುಲೋತ್ತುಂಗನನ್ನು ಓಡಿಸಿ, ಆಯಿರತ್ತಳಿಯಲ್ಲಿ ವೀರಾಭಿಷೇಕವನ್ನು ಮಾಡಿಕೊಂಡನು. ವೀರಬಲ್ಲಾಳನ ರಾಣಿಯರಲ್ಲಿ ಒಬ್ಬಳು ಚೋಳಮಹಾದೇವಿ. ಆತನು ಕುಮಾರ ನರಸಿಂಹನನ್ನು ಸೈನ್ಯದೊಡನೆ ಕಳುಹಿಸಿದನು. ಚೋಳನಿಗೆ ರಾಜ್ಯವು ಮರಳಿತು. ಇಲ್ಲಿ ಒಂದು ವಿನೋದವಿದೆ. ಪಾಂಡ್ಯನೂ ತನ್ನ ಪ್ರಶಸ್ತಿಗಳಲ್ಲಿ ಚೋಳನಾಡನ್ನು ಕರುಣಿಸಿ ಕೊಟ್ಟವನು ತಾನೇ ಎಂದು ಹೇಳಿಕೊಂಡಿರುವನು. ಮುತ್ತಿದವನೂ ಕಾಯಲು ಬಂದವನೂ ಒಂದೇ ದಾನದ ಕೀರ್ತಿಗೆ ಕೈಚಾಚಿದರೆಂದರೆ ದಾನವನ್ನು ಪಡೆದವನ ಸ್ಥಿತಿ ಏನಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ದಕ್ಷಿಣಾಪಥವನ್ನೆಲ್ಲ ನಡುಗಿಸಿದ್ದ ಚೋಳಸಾಮ್ರಾಜ್ಯವು ಆ ವೇಳೆಗೆ ನೆರೆಯವರ ದಯೆಯಿಂದ ಉಸಿರಾಡುವ ಸಣ್ಣ ರಾಜ್ಯವಾಗಿದ್ದಿತು.

ಎರಡನೆಯ ಸಲದ ಸಂಗತಿ ಹೆಚ್ಚು ವಿವರವಾಗಿ ದೊರೆಯುತ್ತದೆ. ಮೂರನೆಯ ರಾಜರಾಜನು ಪಾಂಡ್ಯನಿಗೆ ಕಪ್ಪವನ್ನು ನಿಲ್ಲಿಸಿ ಸೈನ್ಯವನ್ನು ಕಳುಹಿಸಿದನೆಂದು ಪಾಂಡ್ಯ ಪ್ರಶಸ್ತಿಗಳು ದೂರುತ್ತವೆ. ಇದನ್ನು ಒಪ್ಪಿದರೆ ಚೋಳನನ್ನು ಸಂಪೂರ್ಣ ನಿರಪರಾಧಿಯೆನ್ನುವಂತಿಲ್ಲ. ಸೋತ ರಾಜರಾಜನು ಹೊಯ್ಸಳನನ್ನು ಸೇರಲು ಹೊರಟಾಗ ದಾರಿಯಲ್ಲಿ ಕಾಡವ ಕೋಪ್ಪೆರುಂಜಿಂಗನು ಅವನನ್ನು ತಡೆದು ಸೆರೆಹಿಡಿದನೆಂದು ‘ಗದ್ಯಕರ್ಣಾಮೃತ’ದಿಂದ ತಿಳಿಯುತ್ತದೆ. ಕೋಪ್ಪೆರುಂಜಿಂಗನ ವಯಲೂರು ಶಾಸನವು ತೆಳ್ಳಾರಿನ ಯುದ್ಧದಲ್ಲಿ ಚೋಳನನ್ನು ಗೆದ್ದು ಸೆರೆಯಲ್ಲಿಟ್ಟುದನ್ನು ತನ್ನ ಕೀರ್ತಿಯಾಗಿಯೇ ಹೇಳುತ್ತದೆ. ಚೋಳರ ಸಾಮಂತನಾಗಿದ್ದವನೇ ಚೋಳನನ್ನು ಸೇಂದಮಂಗಲದ ಕೋಟೆಯಲ್ಲಿಟ್ಟಿದ್ದನು.

ಮುಂದಿನ ಕಥೆಯನ್ನು ರಾಜರಾಜನ 16ನೆಯ ಆಳ್ವಿಕೆಯ ವರ್ಷದ, ಎಂದರೆ 1231-32ರ, ತಿರುವೇಂದಿಪುರಂ ತಮಿಳು ಶಾಸನವು ಹೇಳುತ್ತದೆ. ಸುದ್ದಿಯನ್ನು ಕೇಳಿದ ನರಸಿಂಹನು ಚೋಳಮಂಡಲ ಪ್ರತಿಷ್ಠಾಚಾರ್ಯನೆಂಬ ಕೀರ್ತಿಯನ್ನು ಉಳಿಸಿಕೊಂಡಲ್ಲದೆ ಕಹಳೆಯನ್ನೂದಿಸುವುದಿಲ್ಲವೆಂದು ಪ್ರತಿಜ್ಞೆಮಾಡಿ ದೋರಸಮುದ್ರವನ್ನು ಬಿಟ್ಟನು. ಮಗರ ರಾಜ್ಯವನ್ನು ನಿರ್ಮೂಲಮಾಡಿ ಪಾಚ್ಚೂರಿನಲ್ಲಿ ಬೀಡುಬಿಟ್ಟನು. ಅಪ್ಪಣ್ಣ ಮತ್ತು ಸಮುದ್ರ ಗೋಪ್ಪಯ್ಯರೆಂಬ ದಂಡನಾಯಕರಿಗೆ ಕಾಡವನನ್ನು ಕಿತ್ತು ಚೋಳನನ್ನು ನಿಲ್ಲಿಸುವಂತೆ ಆಜ್ಞಾಪಿಸಿದನು. ಅವರು ಊರೂರುಗಳನ್ನು ನಾಶಮಾಡುತ್ತ, ಕೋಪ್ಪೆರುಂಜಿಂಗನ ಕಡೆ ಹೋರುತ್ತಿದ್ದ ಈಳದ ಪರಾಕ್ರಮಬಾಹುವೂ ಸೇರಿದಂತೆ ನಾಲ್ವರು ಅಧಿಕಾರಿಗಳನ್ನು ಕೊಂದು, ಚಿದಂಬರದಲ್ಲಿ ದೇವರನ್ನು ವಂದಿಸಿ, ತಿರುಪ್ಪಾದಿರಿಪ್ಪುಲಿಯೂರಿನಲ್ಲಿ ಬೀಡುಬಿಟ್ಟರು. ಸೇಂದಮಂಗಲವನ್ನು ಮುತ್ತುವ ವೇಳೆಗೆ ಕೋಪ್ಪೆರುಂಜಿಂಗನು ಚೋಳನನ್ನು ಬಿಟ್ಟುಕೊಡುವುದಾಗಿ ಹೇಳಿಕಳುಹಿಸಿದನು. ದಂಡನಾಯಕರು ಚೋಳನನ್ನು ಗೌರವದಿಂದ ಕರೆತಂದು ರಾಜ್ಯಕ್ಕೆ ಸೇರಿಸಿದರು. ಇತ್ತ ನರಸಿಂಹನು ಕಾವೇರಿಯ ದಡದ ಮಹೇಂದ್ರಮಂಗಲದಲ್ಲಿ ಪಾಂಡ್ಯನೊಡನೆ ಕಾದಿದನು.

ತಿರುಪ್ಪಾದಿರಿಪ್ಪುಲಿಯೂರೆಂದರೆ ನಮ್ಮ ವಿದ್ವಾಂಸರಿಗೆ ಬೇರೊಂದು ನೆನಪು ಬಾರದೆ ಇರದು. ಸರ್ವನಂದಿ ಮುನಿಯು ಶಕ 380ರಲ್ಲಿ, ಕಾಂಚಿಯ ಸಿಂಹವರ್ಮನ 22ನೆಯ ವರ್ಷದಲ್ಲಿ, ‘ಲೋಕವಿಭಾಗ’ವನ್ನು ಬರೆದ ಪಾಟಲಿಕಾ ಗ್ರಾಮವೇ ಇದೆಂದು ಗುರುತಿಸಲಾಗಿದೆ. ಹಸ್ತಪ್ರತಿಗಳ ಕಾಲನಿರ್ಣಯಕ್ಕೆ ಆಧಾರಸ್ತಂಭದಂತಿರುವ ಆ ಒಂದು ಉಲ್ಲೇಖದ ಊರಿನಲ್ಲಿ ಸುಮಾರು 770 ವರ್ಷಗಳ ಬಳಿಕ ಕನ್ನಡನಾಡಿನ ಸೈನ್ಯವು ಬೀಡುಬಿಟ್ಟಿದ್ದಿತು.

ಇನ್ನು ವಿಚಾರಕ್ಕೆ ಬರೋಣ. ಶ್ರಾವಕನಿಗೆ ಸಂಬಂಧಿಸಿದ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದು ಪ್ರಸಿದ್ಧವಾಗಿದೆ. ಇವುಗಳಲ್ಲಿ ಸಂಕಲ್ಪೀ ಹಿಂಸೆಯು ಶ್ರಾವಕನಿಗೆ ಸರ್ವಥಾ ತ್ಯಾಜ್ಯ. ಮೇಲೆರಗಿದವನನ್ನು ಎದುರಿಸುವಲ್ಲಿ ಆಗುವ ವಿರೋಧೀ ಹಿಂಸೆಯು ಗೃಹಸ್ಥನಿಗೆ ಅನಿವಾರ್ಯವಾದುದು. ಗಂಗರಾಜನ ತಲಕಾಡಿನ ಯುದ್ಧವು ಈ ಎರಡನೆಯ ಬಗೆಗೆ ಸೇರಿದುದೆಂದು ಯಾರೂ ಒಪ್ಪುವರು. ಆದರೆ ಮೇಲೆರಗಿದುದು ನಮ್ಮ ಮೇಲಲ್ಲ, ನೆರೆಯವನ ಮೇಲೆ. ಆ ನೆರೆಯವನೂ ಹಿಂದೆ ನಮ್ಮನ್ನು ಪೀಡಿಸಿದವನು ಎಂದಾದರೆ ಅವನಿಗಾಗಿ ಕತ್ತಿಯನ್ನೆತ್ತುವುದು ಯಾವ ಬಗೆಯ ಹಿಂಸೆ? ಈ ಪ್ರಶ್ನೆಯು ಕಲ್ಪಿತವಲ್ಲ. ನರಸಿಂಹನ ಆಸ್ಥಾನದಲ್ಲಿ ದಂಡಾಧೀಶನೂ ಮಂತ್ರಿಯೂ ಆಗಿದ್ದ ಜನ್ನನು 1209ರಲ್ಲಿಯೇ ‘ಯಶೋಧರ ಚರಿತೆ’ಯನ್ನು ಬರೆದಿದ್ದನು. ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಸಂಕಲ್ಪಮಾತ್ರದಿಂದ ಜನ್ಮಜನ್ಮಾಂತರಗಳಲ್ಲಿ ಬೆಂದ ರಾಜನ ಕಥೆಯದು. ‘ಅನಂತನಾಥ ಪುರಾಣ’ವನ್ನು ಆತನು ಮುಗಿಸಿದುದು 1230ರಲ್ಲಿ, ತಿರುವೇಂದಿಪುರಂ ದಂಡಯಾತ್ರೆಗೆ ಒಂದೇ ವರ್ಷ ಮುಂಚೆ.

ಇದಕ್ಕೆ ಉತ್ತರವನ್ನು ಹುಡುಕಬೇಕಾದ ಸ್ಥಳವು ಸೋಮದೇವಸೂರಿಯ ಗ್ರಂಥಗಳೆಂದು ತೋರುತ್ತದೆ. 959ರಲ್ಲಿ ಮುಗಿದ ‘ಯಶಸ್ತಿಲಕ’ದಲ್ಲಿ ಆತನು ಕ್ಷತ್ರಿಯನ ಶಸ್ತ್ರಕ್ಕೆ ಎರಡೇ ಗುರಿಗಳನ್ನು ಹೇಳಿರುವನು: ಸಮರದಲ್ಲಿ ಶಸ್ತ್ರ ಹಿಡಿದು ನಿಂತ ರಿಪು ಮತ್ತು ನಿಜಮಂಡಲಕ್ಕೆ ಕಂಟಕನಾದವನು. ದೀನರ ಮೇಲಾಗಲಿ ಸದಾಶಯರ ಮೇಲಾಗಲಿ ಅಸ್ತ್ರವನ್ನು ಬಿಡಬಾರದೆಂಬುದು ಆತನ ಕಟ್ಟಪ್ಪಣೆ. ‘ನಿಜಮಂಡಲ’ವೆಂಬ ಈ ಪದದ ಮೇಲೆ ನಮ್ಮ ಸಮಸ್ಯೆಯೆಲ್ಲ ನಿಂತಿದೆ. ಮಂಡಲವೆಂದರೆ ತನ್ನ ಎಲ್ಲೆಕಲ್ಲಿನೊಳಗಿನ ನೆಲವಷ್ಟೇ ಎಂದು ಹೇಳಿದರೆ ನರಸಿಂಹನ ಯಾತ್ರೆಗೆ ಸಮರ್ಥನೆಯಿಲ್ಲ. ಆದರೆ ನೀತಿಶಾಸ್ತ್ರದಲ್ಲಿ ಮಂಡಲವೆಂದರೆ ಅರಿ, ಮಿತ್ರ, ಮಧ್ಯಮ, ಉದಾಸೀನರನ್ನೊಳಗೊಂಡ ರಾಜಚಕ್ರವೂ ಹೌದು. ಅಲ್ಲಿ ಸಂಶ್ರಯವು, ಎಂದರೆ ಒಬ್ಬನು ತನ್ನನ್ನು ಇನ್ನೊಬ್ಬನಿಗೆ ಒಪ್ಪಿಸಿಕೊಳ್ಳುವುದು, ಷಾಡ್ಗುಣ್ಯದಲ್ಲಿ ಒಂದಾಗಿದೆ. ಹಾಗೆ ಒಪ್ಪಿಸಿಕೊಂಡವನನ್ನು ಸ್ವೀಕರಿಸಿದ ಮೇಲೆ ಅವನ ಕಂಟಕನು ತನ್ನ ಕಂಟಕನೇ ಆಗುವನು. ಬಲ್ಲಾಳನು ಒಮ್ಮೆ ಚೋಳನನ್ನು ಪ್ರತಿಷ್ಠಾಪಿಸಿದ್ದನು. ರಾಜರಾಜನು ಆ ಭರವಸೆಯಿಂದಲೇ ಹೊಯ್ಸಳನ ಕಡೆಗೆ ಓಡಿಬರುತ್ತಿದ್ದನು. ಆದುದರಿಂದ ಸಹಾಯಕ್ಕೆ ಹೋದುದು ವಿರೋಧೀ ಹಿಂಸೆಯ ಮೇರೆಯನ್ನು ಮೀರಿದುದಲ್ಲವೆಂದೇ ನಮ್ಮ ಅಭಿಪ್ರಾಯ.

ಎದುರುಪಕ್ಷವೂ ಬಲವಾದುದೇ. ಬಲ್ಲಾಳನು ಸೊರಟೂರಿನಲ್ಲಿ ಗೆದ್ದು ಗಳಿಸಿದ್ದ ಉತ್ತರದ ನಾಡನ್ನು ಆತನ ಕೊನೆಯ ವರ್ಷಗಳಲ್ಲಿ ಸೇವುಣ ಸಿಂಘಣನು ತುಂಗಭದ್ರೆಯವರೆಗೆ ಕಿತ್ತುಕೊಂಡಿದ್ದನು. ಸ್ವಂತ ಮನೆಯ ಬಡಗಣ ಗೋಡೆ ಬಿದ್ದಿರುವಾಗ ನೆರೆಮನೆಯ ಸೂರನ್ನು ಹೊದಿಸಹೋಗುವುದು ವಿವೇಕವೇ? ‘ನೀತಿವಾಕ್ಯಾಮೃತ’ದ ಯುದ್ಧ ಸಮುದ್ದೇಶದಲ್ಲಿ ಸೋಮದೇವನು, ಮೊದಲಿಗೇ ಯುದ್ಧೋದ್ಯೋಗವನ್ನಾಗಲಿ ಭೂಮಿತ್ಯಾಗವನ್ನಾಗಲಿ ಉಪದೇಶಿಸುವವನು ಮಂತ್ರಿಯೂ ಅಲ್ಲ, ಮಿತ್ರನೂ ಅಲ್ಲ ಎನ್ನುವನು. ಈ ಮಾತು ಎರಡು ಪಕ್ಷಗಳಿಗೂ ತಗಲುವುದನ್ನು ಗಮನಿಸಬೇಕು. ಈ ಗ್ರಂಥಕ್ಕೆ ಕನ್ನಡದಲ್ಲಿ ಟೀಕೆಯನ್ನು ಬರೆದ ನೇಮಿನಾಥನು ಸ್ವತಃ ಸಾಂಧಿವಿಗ್ರಹಿಯಾಗಿದ್ದನು. ಎಂದರೆ ಇಂತಹ ಜಿಜ್ಞಾಸೆಯು ಮಠದ ಓಲೆಗರಿಗಳಲ್ಲಿ ಮಾತ್ರವಲ್ಲ, ಸಂಧಿವಿಗ್ರಹಗಳ ಕಡತವನ್ನು ನಿರ್ವಹಿಸುವವರ ಕೈಯಲ್ಲಿಯೂ ಇದ್ದಿತು.

ಹೋಗದೆ ಸುಮ್ಮನಿದ್ದಿದ್ದರೆ ಏನಾಗುತ್ತಿದ್ದಿತೆಂಬುದಕ್ಕೆ ಇದೇ ಸೀಮೆಯ ನಿದರ್ಶನವೊಂದು ಬಹುಕಾಲದ ನಂತರ ದೊರೆಯುತ್ತದೆ. 1769ರ ಏಪ್ರಿಲಿನಲ್ಲಿ ಮದರಾಸಿನ ಇಂಗ್ಲಿಷರು ಹೈದರಾಲಿಯೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಯಾರ ಮೇಲೆ ದಾಳಿಯಾದರೂ ಮತ್ತೊಬ್ಬರು ನೆರವಾಗಬೇಕೆಂಬ ಮಾತಿದ್ದಿತು. ಮರುವರ್ಷವೇ ಪೇಶ್ವೆ ಮಾಧವರಾಯನ ಸೈನ್ಯವು ಮೈಸೂರಿನ ಮೇಲೆ ಬಂದಿತು. ಹೈದರನು ಬೇಡಿದ ನೆರವಿನ ವಿಷಯವಾಗಿ ಮದರಾಸಿನಲ್ಲಿ ದೀರ್ಘ ಚರ್ಚೆ ನಡೆಯಿತು. ಆರ್ಕಾಟಿನ ನವಾಬನೂ ಇಂಗ್ಲೆಂಡಿನ ದೊರೆಯ ಪ್ರತಿನಿಧಿಯಾದ ಜಾನ್ ಲಿಂಡ್ಸೆಯೂ ಮರಾಠರನ್ನೇ ಸೇರಬೇಕೆಂದರು. ಕೌನ್ಸಿಲಿನವರು ಮರಾಠರನ್ನೂ ಸೇರದೆ, ಕೊಟ್ಟ ಮಾತನ್ನೂ ನಡೆಸದೆ, ಕುಳಿತುಬಿಟ್ಟರು. 1771ರ ಮಾರ್ಚಿನಲ್ಲಿ ಮೇಲುಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ರಾತ್ರೋರಾತ್ರಿ ಹಿಂದಿರುಗುತ್ತಿದ್ದ ಹೈದರನ ಸೈನ್ಯವು ಈಗಿನ ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಬಳಿ ತ್ರ್ಯಂಬಕರಾಯನ ಕೈಗೆ ಸಿಕ್ಕಿ ನುಚ್ಚುನೂರಾಯಿತು. ಹೈದರನು ಆ ವಚನಭಂಗವನ್ನು ಮರೆಯಲಿಲ್ಲ. 1780ರಲ್ಲಿ ಆತನು ಆರ್ಕಾಟಿನ ಸೀಮೆಗೆ ಇಳಿದಾಗ ಮರಾಠರೂ ನಿಜಾಮನೂ ಇಂಗ್ಲಿಷರ ವಿರುದ್ಧವಾಗಿ ಅವನೊಡನೆ ಒಪ್ಪಂದ ಮಾಡಿಕೊಂಡಿದ್ದರು. ಷಾಡ್ಗುಣ್ಯದ ಮಾತಿನಲ್ಲಿ ಹೇಳುವುದಾದರೆ ನರಸಿಂಹನು ಆರಿಸಿಕೊಂಡುದು ಯಾನ. ಮದರಾಸಿನವರು ಆರಿಸಿಕೊಂಡುದು ಆಸನ. ಆಸನಕ್ಕೂ ಬೆಲೆಯುಂಟು, ಅದನ್ನು ತೆರುವ ದಿನ ಮಾತ್ರ ತಡವಾಗಿ ಬರುತ್ತದೆ.

ಹಾಗಾದರೆ ನರಸಿಂಹನ ಕಾರ್ಯವು ನಿರ್ದೋಷವೇ? ಅಲ್ಲವೆಂದು ತಿರುವೇಂದಿಪುರಂ ಶಾಸನವೇ ಸಾಕ್ಷಿ ಹೇಳುತ್ತದೆ. ಕಾಡವನ ನಾಡಿನ ಊರುಗಳನ್ನು ಸುಟ್ಟುದನ್ನೂ, ಬೆಳೆಯನ್ನು ಹಾಳುಮಾಡಿದುದನ್ನೂ, ಹೆಂಗಸರನ್ನು ಹಿಡಿದುದನ್ನೂ, ಸೂರೆಮಾಡಿದುದನ್ನೂ ಅದು ಮುಚ್ಚಿಡದೆ, ದಂಡನಾಯಕರ ಪರಾಕ್ರಮವೆಂದೇ ಎಣಿಸಿ ಹೇಳಿದೆ. ಕೋಪ್ಪೆರುಂಜಿಂಗನು ಶಸ್ತ್ರ ಹಿಡಿದ ರಿಪು, ಸರಿ; ಗೆಡಿಲಂ ನದಿಯ ದಡದ ಒಕ್ಕಲಿಗನು ಯಾರ ಕಂಟಕ? ದೀನರ ಮೇಲೆ ಅಸ್ತ್ರವನ್ನು ಬಿಡಬಾರದೆಂಬ ಸೋಮದೇವನ ಮಾತು ಇಲ್ಲಿ ಸ್ಪಷ್ಟವಾಗಿ ಮುರಿದಿದೆ. ಕಾಯಲು ಹೋದ ಕಾರಣವು ಧರ್ಮ್ಯವಾಗಿದ್ದ ಮಾತ್ರಕ್ಕೆ ಈ ಭಾಗವು ವಿರೋಧೀ ಹಿಂಸೆಯಲ್ಲಿ ಸೇರಿಹೋಗದು. ನಮ್ಮ ಕೆಲವು ಲೇಖಕರು ಹೊಯ್ಸಳರ ಮೇಲಣ ಅಭಿಮಾನದಿಂದ ಶಾಸನದ ಈ ಪಂಕ್ತಿಗಳನ್ನು ದಾಟಿ ಮುಂದೆ ಹೋಗುವುದುಂಟು. ಆದರೆ ಪಾಠವನ್ನು ಇದ್ದಂತೆಯೇ ಓದುವುದು ಗ್ರಂಥಸಂಪಾದಕನ ಮೊದಲ ವ್ರತ.

ಎರಡನೆಯ ದೋಷವು ಇನ್ನೂ ದೂರ ವ್ಯಾಪಿಸಿತು. ಚೋಳನನ್ನು ನಿಲ್ಲಿಸಿದ ಬಳಿಕ ಹೊಯ್ಸಳರು ಪೂರ್ತಿಯಾಗಿ ಹಿಂದಿರುಗಲಿಲ್ಲ. ನರಸಿಂಹನ ಮಗ ಸೋಮೇಶ್ವರನು ಹೇಮಾವತಿಯ ನೀರು ಕಾವೇರಿಯನ್ನು ಕೂಡಿ ಇಳಿದು ಹೋಗುವ ಶ್ರೀರಂಗದ ಬಳಿಯ ಕಣ್ಣನೂರನ್ನೇ ತನ್ನ ನೆಲೆಯಾಗಿ ಮಾಡಿಕೊಂಡು ಅದಕ್ಕೆ ವಿಕ್ರಮಪುರವೆಂದು ಹೆಸರಿಟ್ಟನು. ಚೋಳರ ಶಾಸನಗಳೂ ಪಾಂಡ್ಯರ ಶಾಸನಗಳೂ ಆತನನ್ನು ‘ಮಾಮಡಿ’ಯೆಂದು, ಮಾವನೆಂದು, ಕರೆದಿವೆ. ಮಾವನಾದವನು ಇಬ್ಬರು ಅಳಿಯಂದಿರ ತಕ್ಕಡಿಯನ್ನು ತನ್ನ ಕೈಯಲ್ಲಿಟ್ಟುಕೊಂಡನು. 1246ರಲ್ಲಿ ಅಧಿಕಾರಕ್ಕೆ ಬಂದ ಮೂರನೆಯ ರಾಜೇಂದ್ರಚೋಳನು ಪಾಂಡ್ಯನನ್ನು ಗೆದ್ದು ತಲೆಯೆತ್ತಿದ ಕೂಡಲೆ ಸೋಮೇಶ್ವರನು ಪಾಂಡ್ಯನ ಕಡೆಗೆ ಸರಿದನು. ರಾಜೇಂದ್ರನ ಶಾಸನಗಳು ತಮ್ಮ ದೊರೆಯನ್ನು ಮಾಮ ಸೋಮೇಶ್ವರನಿಗೆ ಯಮದಂಡವೆಂದು ಬಣ್ಣಿಸುತ್ತವೆ. ದುರ್ಬಲನಾಗಿದ್ದಷ್ಟು ಕಾಲ ಮಾತ್ರ ಚೋಳನು ರಕ್ಷಣೆಗೆ ಪಾತ್ರನಾಗಿದ್ದನೆಂದ ಮೇಲೆ, ರಕ್ಷಿಸಿದುದು ಚೋಳನನ್ನೋ ಆತನ ದೌರ್ಬಲ್ಯವನ್ನೋ ಎಂದು ಕೇಳಬೇಕಾಗುತ್ತದೆ.

ಜನ್ನನ ಭಾವಮೈದುನನಾದ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದುದು ಇದೇ ಸೋಮೇಶ್ವರನಿಗಾಗಿ. ಇದೇ ಸೋಮೇಶ್ವರನ 1253ರ ತಾಮ್ರಶಾಸನವು ವಿಕ್ರಮಪುರವನ್ನು ವರ್ಣಿಸುವಾಗ, ಅದು ಸ್ವಂತ ತೋಳ್ಬಲದಿಂದ ಗೆದ್ದ ಚೋಳಮಂಡಲದಲ್ಲಿ ಆತನು ವಿನೋದಕ್ಕಾಗಿ ಕಟ್ಟಿಸಿದ ಪಟ್ಟಣವೆನ್ನುತ್ತದೆ. 1231ರಲ್ಲಿ ಚೋಳಮಂಡಲವನ್ನು ಪ್ರತಿಷ್ಠಾಪಿಸುವುದೇ ಕೀರ್ತಿಯಾಗಿದ್ದಿತು. 22 ವರ್ಷಗಳಲ್ಲಿ ಅದನ್ನು ಗೆದ್ದುದೇ ಕೀರ್ತಿಯಾಯಿತು. ಈ ಎರಡು ಶಾಸನಗಳ ನಡುವೆ ಎಲ್ಲಿಯೋ ಸಂಶ್ರಿತನ ಮಂಡಲವು ನಿಜಮಂಡಲವಾಗಿ ಹೋಗಿದೆ, ಸೋಮದೇವನು ಎಣಿಸಿದ ಅರ್ಥದಲ್ಲಿ ಅಲ್ಲ. ಅದೇ ಕಾಲದಲ್ಲಿ ರಾಜ್ಯವು ಸೋಮೇಶ್ವರನ ಇಬ್ಬರು ಮಕ್ಕಳಲ್ಲಿ ಹಂಚಿಹೋಗಿ, ದೋರಸಮುದ್ರದ ಕಡೆಯದು ಮುಮ್ಮಡಿ ನರಸಿಂಹನಿಗೂ ತಮಿಳುನಾಡಿನದು ರಾಮನಾಥನಿಗೂ ಸೇರಿತು. 1251ರಲ್ಲಿ ಪಟ್ಟಕ್ಕೆ ಬಂದಿದ್ದ ಜಟಾವರ್ಮ ಸುಂದರಪಾಂಡ್ಯನು ಕಣ್ಣನೂರನ್ನು ಹಿಡಿದನು. 1279ರ ವೇಳೆಗೆ ಚೋಳರ ಹೆಸರೇ ಅಳಿಯಿತು. ಅಣ್ಣತಮ್ಮಂದಿರಿಬ್ಬರೂ ಪರಸ್ಪರ ಕಾದುತ್ತಿದ್ದರು.