ಹಠಾತ್ ಸಾವು ಮತ್ತು ಹೃದಯದ ನರಗಳು

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಮಹಾರಾಷ್ಟ್ರದ ಗಡಿ ದಾಟಿದೊಡನೆ ಕೊಗನೊಳ್ಳಿ ಸಿಗುತ್ತದೆ. ಅದು ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ಸೀಮೆ. ತಂಬಾಕು ಹೃದಯಕ್ಕೆ ಕೆಟ್ಟದ್ದೆಂದು ನೀವೆಲ್ಲ ಬಲ್ಲಿರಿ. ಆದರೆ ಹೃದಯದಂತಹ ಒಳ ಅಂಗಗಳಿಗೆ ಹೋಗುವ ನರಗಳ ದಾರಿ ಗುರುತಿಸಲು ನೆರವಾದದ್ದೂ ಅದೇ ತಂಬಾಕಿನ ನಿಕೋಟಿನ್ ಎಂಬುದು ಗೊತ್ತೆ?

1889ರಲ್ಲಿ ಕೇಂಬ್ರಿಜ್‌ನ ಲ್ಯಾಂಗ್ಲಿ ಮತ್ತು ಡಿಕಿನ್ಸನ್ ಪ್ರಾಣಿಗಳ ನರಗಂಟಿಗೆ ನಿಕೋಟಿನ್ ದ್ರಾವಣ ಸವರಿದರು. ಗಂಟಿನಲ್ಲಿ ಸಂದೇಶ ನಿಂತುಹೋಯಿತು. ಗಂಟಿನಾಚೆಯ ನರಕ್ಕೆ ವಿದ್ಯುತ್ ಕೊಟ್ಟಾಗ ಮಾತ್ರ ಪರಿಣಾಮ ಕಂಡಿತು. ಒಂದೊಂದೇ ಫ್ಯೂಸ್ ತೆಗೆದು ಯಾವ ತಂತಿ ಯಾವ ದೀಪಕ್ಕೆ ಹೋಗಿದೆಯೆಂದು ಪತ್ತೆ ಹಚ್ಚುವ ಉಪಾಯವೇ ಇದು.

ಹಾಗೆಂದು ಹೃದಯ ಬಡಿಯುವುದು ನರಗಳಿಂದಲ್ಲ. ದೇಹದಿಂದ ಹೊರತೆಗೆದ ಕಪ್ಪೆಯ ಹೃದಯವೂ ಕೆಲಕಾಲ ಮಿಡಿಯುತ್ತಲೇ ಇರುತ್ತದೆ. ಮಿಡಿತದ ವಿದ್ಯುತ್ ಸ್ಪಂದ ಹುಟ್ಟುವ ಗಂಟನ್ನು 1907ರಲ್ಲಿ ಕೀತ್ ಮತ್ತು ಫ್ಲ್ಯಾಕ್ ಗುರುತಿಸಿದರು. ಅದು ವಿಶೇಷ ಬಗೆಯ ಸ್ನಾಯು. ನರಗಳ ಕೆಲಸ ವೇಗ ನಿಯಂತ್ರಣ. ವೇಗಸ್ ನರ ಬ್ರೇಕ್ ಎಂಬುದನ್ನು ವೇಬರ್ ಸಹೋದರರು 1845ರಲ್ಲೇ ತೋರಿಸಿದ್ದರು. ಸಿಂಪಥೆಟಿಕ್ ನರಗಳು ಆಕ್ಸಿಲರೇಟರ್.

ಲ್ಯಾಂಗ್ಲಿ ನಿಕೋಟಿನ್ ಸವರಿದ ವರ್ಷವೇ, ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿದ್ದ ಮ್ಯಾಕ್‌ವಿಲಿಯಮ್ ಒಂದು ಲೇಖನ ಪ್ರಕಟಿಸಿದ. ಹಠಾತ್ ಸಾವಿನಲ್ಲಿ ಹೃದಯ ಸುಮ್ಮನೆ ನಿಂತುಬಿಡುವುದಿಲ್ಲ. ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳ ಎಳೆಗಳು ತಾಳ ತಪ್ಪಿ ಒಂದೊಂದೂ ತನ್ನಷ್ಟಕ್ಕೆ ಅದುರುತ್ತವೆ, ರಕ್ತ ಮುಂದಕ್ಕೆ ಹೋಗುವುದಿಲ್ಲ ಎಂಬುದು ಅವನ ವಾದ. ಐಂತೋವನ್‌ನ ತಂತು ಗ್ಯಾಲ್ವನೊಮೀಟರ್ ಬಂದದ್ದು 20ನೆಯ ಶತಮಾನದ ಆರಂಭದಲ್ಲಿ. ಅದಿಲ್ಲದೆ ಇಷ್ಟು ಹೇಳಿದ ಮ್ಯಾಕ್‌ವಿಲಿಯಮ್‌ಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲವೆಂದೇ ನನ್ನ ಅಭಿಪ್ರಾಯ. ನಮ್ಮ ಪತ್ರಿಕೆಗಳಂತೂ ಇಂದಿಗೂ ಎಲ್ಲವನ್ನೂ ‘ಹೃದಯಾಘಾತ’ ಎನ್ನುತ್ತವೆ. ಹೃದಯಾಘಾತ ಕೊಳವೆ ಕಟ್ಟಿಕೊಂಡದ್ದು. ಹೃದಯಸ್ತಂಭನ ಹೆಚ್ಚಾಗಿ ವಿದ್ಯುತ್ತಿನ ಎಡವಟ್ಟು. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಬಹುದು, ಆದರೆ ಎರಡೂ ಒಂದೇ ಅಲ್ಲ.

ಈ ಎಡವಟ್ಟಿನಲ್ಲಿ ನರಗಳ ಪಾಲೆಷ್ಟು? 1957ರಲ್ಲಿ ನಾರ್ವೆಯ ಯರ್ವೆಲ್ ಮತ್ತು ಲಾಂಗೆ-ನೀಲ್ಸನ್ ಒಂದು ಕುಟುಂಬವನ್ನು ವರ್ಣಿಸಿದರು. ಆರು ಮಕ್ಕಳಲ್ಲಿ ನಾಲ್ವರು ಹುಟ್ಟುಕಿವುಡರು. ಅವರಲ್ಲಿ ಮೂವರು ಹಠಾತ್ತನೆ ತೀರಿಕೊಂಡರು. ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಉದ್ದವಾಗಿತ್ತು. ಅಂಥ ಹೃದಯಕ್ಕೆ ಗಾಬರಿ, ಓಟ, ಅಂದರೆ ಆಕ್ಸಿಲರೇಟರ್ ನರದ ದಿಢೀರ್ ಒತ್ತು, ಅಪಾಯ. 1971ರಲ್ಲಿ ಮಾಸ್ ಮತ್ತು ಮೆಕ್‌ಡೊನಾಲ್ಡ್ ಕ್ಯೂಟಿ ದೀರ್ಘವಾಗಿದ್ದ ರೋಗಿಯೊಬ್ಬರ ಎಡಬದಿಯ ನರಗಂಟನ್ನು ಶಸ್ತ್ರಕ್ರಿಯೆಯಿಂದ ತೆಗೆಸಿ ಗುಣ ಕಂಡರು. 2000ದಲ್ಲಿ ಲಾಸ್ ಏಂಜಲೀಸ್‌ನ ಸಂಶೋಧಕರು ಬದಲಿ ಹೃದಯ ಪಡೆದವರಿಂದ ತೆಗೆದ ಹಳೆಯ ಹೃದಯಗಳನ್ನು ಪರೀಕ್ಷಿಸಿದರು. ತಾಳ ತಪ್ಪಿದ ಇತಿಹಾಸವಿದ್ದವುಗಳಲ್ಲಿ ಸಿಂಪಥೆಟಿಕ್ ನರಗಳು ಹೆಚ್ಚು ದಟ್ಟವಾಗಿದ್ದವು. ಗಾಯಗೊಂಡ ಭಾಗದ ಅಂಚಿನಲ್ಲಿ ನರ ಮತ್ತೆ ಚಿಗುರುತ್ತದೆ, ಆದರೆ ಅಂಕೆಯಿಲ್ಲದೆ. ಸಕ್ಕರೆ ಕಾಯಿಲೆಯಲ್ಲಿ ಇದಕ್ಕೆ ವಿರುದ್ಧ: ನರಗಳು ಸವೆಯುತ್ತವೆ, ಎದೆನೋವಿನ ಎಚ್ಚರಿಕೆಯೂ ಕೆಲವರಿಗೆ ಸಿಗುವುದಿಲ್ಲ.

2025ರ ಬೇಸಿಗೆಯ ಕೊನೆಯಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ನಿಮಗೆ ನೆನಪಿರಬಹುದು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಂಡ 24 ಸಾವುಗಳನ್ನು ಪರಿಶೀಲಿಸಿತು. ನಾಲ್ಕಕ್ಕೆ ಹೃದಯ ಕಾರಣವಾಗಿರಲಿಲ್ಲ. ಉಳಿದವುಗಳಲ್ಲಿ ಹಲವನ್ನು ‘ಸಂಭಾವ್ಯ’ ಎಂದಷ್ಟೇ ಹೇಳಲಾಯಿತು. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳಲ್ಲಿ ಮರಣೋತ್ತರ ಪರೀಕ್ಷೆ ಕಡ್ಡಾಯ ಮಾಡುವುದಾಗಿ ಆ ಜುಲೈನಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿತು. ‘ಕೂತಲ್ಲೇ ಹೋದರು, ಪುಣ್ಯದ ಸಾವು’ ಎಂದು ಒಡನೆ ಮಣ್ಣು ಮಾಡುವ ನಮ್ಮಲ್ಲಿ ಇದು ಸುಲಭವಲ್ಲ. ಜೊತೆಗೆ, ನಿಂತ ಹೃದಯದಲ್ಲಿ ವಿದ್ಯುತ್ತಿನ ಗುರುತು ಉಳಿಯುವುದಿಲ್ಲ. ನರಗಳ ದಟ್ಟಣೆ ವಿಶೇಷ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರಷ್ಟೇ ಕಾಣುವುದು. ರಕ್ತನಾಳವೂ ಸ್ನಾಯುವೂ ಸರಿಯಿದ್ದ ಎಳೆಯ ವಯಸ್ಸಿನವರ ಸಾವಾದರೆ, ಅವರ ರಕ್ತದ ಮಾದರಿಯನ್ನು ತಳಿ ಪರೀಕ್ಷೆಗೆ ತೆಗೆದಿಡಬೇಕು. ಒಡಹುಟ್ಟಿದವರ, ಮಕ್ಕಳ ಇಸಿಜಿ ತೆಗೆಸಿ ಕ್ಯೂಟಿ ಅಂತರ ಅಳೆಯಿಸಬೇಕು.